ಫ್ರೆಡರಿಕ್ಸ್‌ಬೋರ್ಗ್: ಸುಟ್ಟು ಮತ್ತೆ ಎದ್ದ ಅರಮನೆಯಲ್ಲಿ ಎರಡು ದಿನ

ಯಾವ ಅರಮನೆಗೆ ಹೋದರೂ ನನ್ನ ಕಣ್ಣು ಮೊದಲು ಹರಿಯುವುದು ಅಲ್ಲಿನ ಮರಗೆಲಸದ ಕಡೆಗೆ. ನಮ್ಮ ಅಪ್ಪ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆಯ ಹಲಗೆಗಳ ಮೇಲೆ ಇನ್‌ಲೇ ಕೆಲಸ ಮಾಡುತ್ತಿದ್ದರು. ಕಾಗದದ ಮೇಲೆ ಬರೆದ ಆನೆ, ನವಿಲು, ತೆಂಗಿನ ಮರಗಳನ್ನು ಕೂದಲೆಳೆಯಷ್ಟು ತೆಳುವಾದ ಗರಗಸದಿಂದ ತುಂಡು ತುಂಡಾಗಿ ಕೊಯ್ದು, ಬೀಟೆಯಲ್ಲಿ ಉಳಿಯಿಂದ ಅಷ್ಟೇ ಆಳದ ಗುಳಿ ತೋಡಿ, ಅಂಟು ಸವರಿ ಕೂರಿಸಿ, ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯದ ಹಾಗೆ ಉಜ್ಜುವ ಆ ಕೆಲಸವನ್ನು ನೋಡುತ್ತಲೇ ನಾನೂ ನಮ್ಮ ಅಣ್ಣನೂ ಬೆಳೆದೆವು. ಅಣ್ಣ ಅದೇ ಕಸುಬನ್ನು ಮುಂದುವರಿಸಿದ, ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಕಳೆದ ಜೂನ್ ತಿಂಗಳಿನಲ್ಲಿ ಮಗಳ ಮನೆಗೆಂದು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋಗಿದ್ದಾಗ ಒಂದೇ ವಾರದಲ್ಲಿ ಎರಡು ಸಲ ಫ್ರೆಡರಿಕ್ಸ್‌ಬೋರ್ಗ್ ಅರಮನೆಯನ್ನು ನೋಡಿ ಬಂದೆ. ಎರಡನೆಯ ಸಲ ಹೋಗಲೇಬೇಕೆನ್ನಿಸಿದ್ದು ಏಕೆ ಎಂಬುದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಕೋಪನ್‌ಹೇಗನ್ನಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ ಹಿಲ್ಲೆರೋಡ್ ಎಂಬ ಊರಿದೆ. ನಗರದ ಲೋಕಲ್ ರೈಲು ಅಲ್ಲಿಯವರೆಗೂ ಹೋಗುತ್ತದೆ ಮತ್ತು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ನಿಲ್ದಾಣದಿಂದ ಅಂಗಡಿ ಬೀದಿಯಲ್ಲಿ ಕಾಲು ಗಂಟೆ ನಡೆದರೆ ಮನೆಗಳ ಸಾಲು ಇದ್ದಕ್ಕಿದ್ದಂತೆ ಮುಗಿದು ಕೆರೆ ಕಾಣುತ್ತದೆ. ಕೆರೆಯ ಆಚೆ ದಡದಲ್ಲಿ, ನೀರಿನೊಳಗಿನಿಂದಲೇ ಎದ್ದು ಬಂದಂತೆ, ಕೆಂಪು ಇಟ್ಟಿಗೆಯ ಗೋಡೆ, ಅದರ ಮೇಲೆ ಅಡ್ಡಕ್ಕೆ ಎಳೆದ ತಿಳಿಬಣ್ಣದ ಮರಳುಗಲ್ಲಿನ ಪಟ್ಟಿ, ಇನ್ನೂ ಮೇಲೆ ಹಸಿರುಗಟ್ಟಿದ ತಾಮ್ರದ ಶಿಖರಗಳು. ಮಗಳು, "ಅಮ್ಮಾ, ಇಲ್ಲೇ ಸ್ವಲ್ಪ ಹೊತ್ತು ಕೂತು ನೋಡು, ಹತ್ತಿರ ಹೋದರೆ ಇದು ಹೀಗೆ ಒಟ್ಟಾಗಿ ಕಾಣುವುದಿಲ್ಲ" ಎಂದಳು. ಅವಳ ಮಾತು ನಿಜವಾಗಿತ್ತು. ನಾವು ಕೂತ ಬೆಂಚಿನ ಎದುರಿಗೆ ಗಾಳಿ ನಿಂತಿದ್ದರಿಂದ ಶಿಖರಗಳೆಲ್ಲ ತಲೆಕೆಳಗಾಗಿ ಕೆರೆಯಲ್ಲಿ ಇನ್ನೊಂದು ಸಲ ಕಾಣುತ್ತಿದ್ದವು.

ಈ ಜಾಗ ಮೊದಲು ಒಬ್ಬ ಸರದಾರನ ಜಹಗೀರಾಗಿತ್ತು. 1560ರಲ್ಲಿ ದೊರೆ ಎರಡನೆಯ ಫ್ರೆಡರಿಕ್ ತನ್ನ ಬೇರೊಂದು ಆಸ್ತಿಯನ್ನು ಕೊಟ್ಟು ಇದನ್ನು ಬದಲಿಗೆ ಪಡೆದ. ಊರಿಗಲ್ಲದಿದ್ದರೂ ಅರಮನೆಗೆ ಅವನ ಹೆಸರೇ ನಿಂತಿತು. ಅವನ ಮಗ ನಾಲ್ಕನೆಯ ಕ್ರಿಶ್ಚಿಯನ್ ಹುಟ್ಟಿದ್ದು ಇಲ್ಲಿಯೇ, 1577ರಲ್ಲಿ. ದೊಡ್ಡವನಾಗಿ ಪಟ್ಟಕ್ಕೆ ಬಂದ ಮೇಲೆ ಅವನು ತಂದೆ ಕಟ್ಟಿಸಿದ್ದರ ಬಹುಪಾಲನ್ನು ಕೆಡವಿಸಿ, ಕೆರೆಯ ಮೂರು ಪುಟ್ಟ ನಡುಗಡ್ಡೆಗಳ ಮೇಲೆ ಹರಡಿಕೊಂಡಿರುವ ಈಗಿನ ಅರಮನೆಯನ್ನು 1602ರಿಂದ 1620ರ ನಡುವೆ ಕಟ್ಟಿಸಿದ. ಸುತ್ತ ನೀರಿರುವುದರಿಂದ ಮೊದಲ ನೋಟಕ್ಕೆ ಕೋಟೆ ಎನ್ನಿಸುತ್ತದೆ. ಆದರೆ ಅಷ್ಟಗಲದ ಕಿಟಕಿಗಳನ್ನು ನೋಡಿದರೆ ಶತ್ರುವಿಗೆ ಹೆದರಿ ಕಟ್ಟಿದ ಕಟ್ಟಡ ಇದಲ್ಲ, ಬಂದವರು ಬೆರಗಾಗಲಿ ಎಂದು ಕಟ್ಟಿದ್ದು ಎಂಬುದು ತಿಳಿಯುತ್ತದೆ. ಆ ಕಾಲಕ್ಕೆ ಉತ್ತರ ಯುರೋಪಿನ ದೊರೆಗಳು ಡಚ್ಚರ ನವೋದಯ ಶೈಲಿಯನ್ನು ಮೆಚ್ಚಿಕೊಂಡಿದ್ದರು. ಇಟ್ಟಿಗೆ ಮತ್ತು ಮರಳುಗಲ್ಲಿನ ಈ ಹೊಂದಿಕೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮುಂಗೋಡೆಯ ತಲೆ, ಎಲ್ಲವೂ ಆ ಕಡೆಯಿಂದ ಬಂದವು. ದೊರೆಯ ಮುಖ್ಯ ಶಿಲ್ಪಿಗಳಾದ ಸ್ಟೀನ್‌ವಿಂಕೆಲ್ ಮನೆತನದವರೂ ಮೂಲತಃ ಆ ಕಡೆಯವರೇ.

ದಕ್ಷಿಣದ ನಡುಗಡ್ಡೆಯನ್ನು ದಾಟಿದ ಮೇಲೆ ಹಾವಿನಂತೆ ಬಳುಕಿರುವ ಸೇತುವೆಯೊಂದು ಸಿಗುತ್ತದೆ. ಅದರ ಪಕ್ಕದ ಎರಡು ದುಂಡು ಗೋಪುರಗಳು ತಂದೆಯ ಕಾಲದವು, ಮಗ ಉಳಿಸಿಕೊಂಡವು. ಸೇತುವೆ ದಾಟಿ ಹೆಬ್ಬಾಗಿಲ ಗೋಪುರದ ಕೆಳಗೆ ನುಸುಳಿದರೆ ವಿಶಾಲವಾದ ಅಂಗಳ, ಅಂಗಳದ ನಡುವೆ ನೆಪ್ಚೂನನ ಕಾರಂಜಿ. ಸಮುದ್ರದ ದೇವತೆ ತುತ್ತತುದಿಯಲ್ಲಿ, ಅವನ ಕೆಳಗೆ ಮತ್ತೆ ಹಲವು ಕಂಚಿನ ಮೂರ್ತಿಗಳು, ಎಲ್ಲ ಕಡೆಯಿಂದಲೂ ಚಿಮ್ಮುವ ನೀರು. ಬಾಲ್ಟಿಕ್ ಸಮುದ್ರದ ಒಡೆತನ ತನ್ನದು ಎಂದು ಸಾರಲು ಕ್ರಿಶ್ಚಿಯನ್ ಇದನ್ನು ಆಡ್ರಿಯನ್ ಡೆ ವ್ರೀಸ್ ಎಂಬ ದೊಡ್ಡ ಶಿಲ್ಪಿಯಿಂದ ಎರಕ ಹೊಯ್ಯಿಸಿದ್ದ. ನಾನು ತುಂಬ ಹೊತ್ತು ಕಾರಂಜಿಯನ್ನು ಸುತ್ತಿ ಸುತ್ತಿ ನೋಡಿ, ಆಮೇಲೆ ವಿವರಣೆ ಓದಿದಾಗ ಈ ಮೂರ್ತಿಗಳು ಅಸಲು ಅಲ್ಲವೆಂದು ಗೊತ್ತಾಯಿತು. 1659ರ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯ ಅಸಲು ಮೂರ್ತಿಗಳನ್ನೆಲ್ಲ ಕಳಚಿ ಕೊಂಡೊಯ್ದಿತು. ಅವು ಇಂದಿಗೂ ಸ್ಟಾಕ್‌ಹೋಮಿನ ಸಮೀಪದ ಡ್ರೊಟ್ನಿಂಗ್‌ಹೋಮ್ ಅರಮನೆಯ ಆವರಣದಲ್ಲಿವೆ. ಇಲ್ಲಿರುವವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎರಕ ಹೊಯ್ದ ಪ್ರತಿಗಳು.

ಅಸಲು ಯಾವುದು, ಪ್ರತಿ ಯಾವುದು ಎಂಬ ಪ್ರಶ್ನೆ ಅಲ್ಲಿ ಹುಟ್ಟಿದ್ದು ದಿನವಿಡೀ ನನ್ನನ್ನು ಬಿಡಲಿಲ್ಲ. ಏಕೆಂದರೆ ಒಳಗಿನ ಅಂಗಳಕ್ಕೆ ಹೋಗಿ, ಟಿಕೆಟ್ ಕೊಂಡು, ಕೈಚೀಲಗಳನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಒಳಗೆ ಕಾಲಿಟ್ಟ ಕೂಡಲೇ ಈ ಅರಮನೆಯ ದೊಡ್ಡ ದುರಂತದ ವಿಷಯ ಎದುರಾಗುತ್ತದೆ. 1859ರ ಡಿಸೆಂಬರ್ 17ರಂದು ಇದು ಸುಟ್ಟುಹೋಯಿತು. ದೊರೆ ಏಳನೆಯ ಫ್ರೆಡರಿಕ್ ಇಲ್ಲಿಯೇ ವಾಸವಾಗಿದ್ದ. ಕಡುಚಳಿಗೆ ಮೇಲಿನ ಅಂತಸ್ತಿನ ಕೋಣೆಯೊಂದರಲ್ಲಿ ಹೊತ್ತಿಸಿದ ಒಲೆಯ ಬೆಂಕಿ ರಾತ್ರಿಯಲ್ಲಿ ಕಟ್ಟಡದ ಮರದ ಭಾಗಗಳಿಗೆ ಹಬ್ಬಿತು. ಸುತ್ತಲೂ ಅಷ್ಟು ದೊಡ್ಡ ಕೆರೆಯಿದ್ದರೂ ಅದು ಹೆಪ್ಪುಗಟ್ಟಿದ್ದುದರಿಂದ ಆರಿಸಲು ನೀರು ಎತ್ತುವುದೇ ಕಷ್ಟವಾಯಿತು. ಜನ ಓಡಿ ಬಂದು ಚಿತ್ರಪಟಗಳನ್ನೂ ಪೀಠೋಪಕರಣಗಳನ್ನೂ ಕೈಲಾದಷ್ಟು ಹೊರಗೆ ಸಾಗಿಸಿದರು, ಉಳಿದದ್ದೆಲ್ಲ ಬೂದಿಯಾಯಿತು. ಮುಖ್ಯ ಕಟ್ಟಡದ ಒಳಭಾಗದಲ್ಲಿ ಪೂರ್ತಿಯಾಗಿ ಪಾರಾದ ದೊಡ್ಡ ಜಾಗಗಳು ಎರಡೇ: ಅರಮನೆಯ ಚರ್ಚು, ಮತ್ತು ನೀರಿನ ಮೇಲಿನ ಮುಚ್ಚಿದ ಓಣಿಯೊಂದರ ಆಚೆಗಿರುವ, ದೊರೆ ಜನರಿಗೆ ದರ್ಶನ ಕೊಡುತ್ತಿದ್ದ ಕೋಣೆ.

ಮೈಸೂರಿನವರಿಗೆ ಈ ಕಥೆ ಹೊಸದಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ನಮ್ಮ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದ ಮಾತನ್ನು ನಮ್ಮ ಮನೆಯ ಹಿರಿಯರು ತಾವೇ ಕಂಡವರಂತೆ ಹೇಳುತ್ತಿದ್ದರು. ಆಗ ಮೈಸೂರು ಹೆನ್ರಿ ಇರ್ವಿನ್ನನನ್ನು ಕರೆಸಿ, ಮತ್ತೆ ಬೆಂಕಿಗೆ ಸಿಗಬಾರದೆಂದು ಕಲ್ಲು ಕಬ್ಬಿಣಗಳಿಂದ, 1912ರ ಹೊತ್ತಿಗೆ ಹೊಸ ರೂಪದ ಅರಮನೆಯನ್ನು ಕಟ್ಟಿಸಿತು. ಡೆನ್ಮಾರ್ಕಿನವರು ಬೇರೆ ದಾರಿ ಹಿಡಿದರು. ಇದ್ದದ್ದು ಇದ್ದ ಹಾಗೆಯೇ ಮತ್ತೆ ಬರಬೇಕು ಎಂಬುದು ಅವರ ಹಟವಾಗಿತ್ತು. ದೇಶದ ಸಾಮಾನ್ಯ ಜನರೂ ಚಂದಾ ಕೊಟ್ಟರು; ವಾಸ್ತುಶಿಲ್ಪಿ ಫರ್ಡಿನಾಂಡ್ ಮೆಲ್ದಾಲ್‌ನ ಮೇಲ್ವಿಚಾರಣೆಯಲ್ಲಿ ಕೆಲವೇ ವರ್ಷಗಳಲ್ಲಿ ಗೋಡೆ, ಸೂರು, ಶಿಖರಗಳು ಮತ್ತೆ ಎದ್ದವು. ಆದರೆ ಅಷ್ಟು ದೊಡ್ಡ ಖಾಲಿ ಅರಮನೆಯನ್ನು ಏನು ಮಾಡುವುದು? ದೊರೆಗೆ ಅಲ್ಲಿ ವಾಸಿಸುವ ಅಗತ್ಯ ಉಳಿದಿರಲಿಲ್ಲ. ಆಗ ಮುಂದೆ ಬಂದವನು ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಸ್ಥಾಪಕ ಜೆ. ಸಿ. ಯಾಕೋಬ್ಸೆನ್. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಆ ದೇಶದ ಇತಿಹಾಸವನ್ನು ಚಿತ್ರಗಳಲ್ಲಿ ತೋರಿಸಿರುವಂತೆ ಇಲ್ಲಿಯೂ ಡೆನ್ಮಾರ್ಕಿನ ಇತಿಹಾಸವನ್ನು ತೋರಿಸುವ ವಸ್ತುಸಂಗ್ರಹಾಲಯ ಆಗಲಿ ಎಂದು ಅವನು ಸೂಚಿಸಿ, ಹಣದ ಹೊಣೆಯನ್ನೂ ಹೊತ್ತ. 1878ರಲ್ಲಿ ಸಂಗ್ರಹಾಲಯ ಸ್ಥಾಪನೆಯಾಯಿತು, 1882ರಲ್ಲಿ ಜನರಿಗೆ ತೆರೆಯಿತು. ಇಂದಿಗೂ ಅದು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ಅಂಗವಾಗಿಯೇ ನಡೆಯುತ್ತಿದೆ. ಊರಿನ ಉದ್ಯಮಿಯೊಬ್ಬನ ಸಂಪಾದನೆ ಒಂದು ದೇಶದ ನೆನಪನ್ನು ಕಾಪಾಡಿದ್ದು ನನಗೆ ತುಂಬ ಗೌರವದ ಸಂಗತಿಯಾಗಿ ಕಂಡಿತು.

ಚರ್ಚಿನ ಮೇಲಂತಸ್ತಿನ ಪಡಸಾಲೆಗೆ ಬಂದಾಗ ಮಗಳು ಮುಂದೆ ಹೋಗಿಬಿಟ್ಟಿದ್ದಳು. ನಾನು ಕಂಬವೊಂದರ ಪಕ್ಕ ನಿಂತೇ ಉಳಿದೆ. ಬಿಳಿ ಕಮಾನುಗಳ ಮೇಲೆ ಚಿನ್ನದ ಲೇಪ, ಮೂಲೆ ಮೂಲೆಗೂ ದೇವದೂತರ ಮುಖಗಳು, ಎತ್ತರದ ಕಿಟಕಿಗಳಿಂದ ಇಳಿಯುವ ಬೆಳಕು. ಕೆಳಗೆ ಎದುರಿಗೆ ಬಲಿಪೀಠ. ಹ್ಯಾಂಬರ್ಗಿನ ಅಕ್ಕಸಾಲಿಗ ಯಾಕೋಬ್ ಮೋರೆಸ್ 1606ರಲ್ಲಿ ಮಾಡಿದ್ದು: ಕಪ್ಪು ಎಬೊನಿ ಮರದ ಮೇಲೆ ಬೆಳ್ಳಿಯ ಉಬ್ಬು ಚಿತ್ರಗಳು. ಕಪ್ಪು ಮರದ ಮೇಲೆ ಬೆಳ್ಳಿ ಕೂರಿಸಿದ ಕೆಲಸವನ್ನು ಇಷ್ಟು ದೊಡ್ಡ ಅಳತೆಯಲ್ಲಿ ನಾನು ಹಿಂದೆ ಎಲ್ಲೂ ನೋಡಿರಲಿಲ್ಲ. ಬೆಳ್ಳಿ ಹೊಳೆಯುತ್ತಿದ್ದರೂ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಅದನ್ನು ಹಿಡಿದು ನಿಲ್ಲಿಸಿರುವ ಆ ಕಪ್ಪಿನ ಕಡೆಗೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಲಿಪೀಠಕ್ಕಿಂತ ಹೆಚ್ಚಾಗಿ ಕೆಳಗಿನ ಆಸನಗಳ ಮರದ ಫಲಕಗಳು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮರದೊಳಗೆ ಮರ ಕೂರಿಸಿದ ಕೆಲಸ, ನಮ್ಮದೇ ಕಸುಬು. ತಿಳಿ ಹಳದಿ ಮರದ ಬಳ್ಳಿ ಗಾಢ ಕಂದು ಮರದೊಳಗೆ ಹರಿದಿತ್ತು. ಬಳ್ಳಿಯ ತಿರುವಿನಲ್ಲಿ ಒಂದೇ ತುಂಡನ್ನು ಬಗ್ಗಿಸದೆ ಮೂರು ತುಂಡುಗಳನ್ನು ಎಳೆಯ ದಿಕ್ಕು ನೋಡಿ ಜೋಡಿಸಿದ್ದು ಕಾಣುತ್ತಿತ್ತು. ಅಪ್ಪ ಆನೆಯ ಸೊಂಡಿಲನ್ನು ಮಾಡುವಾಗಲೂ ಹೀಗೆಯೇ ಮಾಡುತ್ತಿದ್ದರು. ಸೊಂಡಿಲು ಬಳುಕುವ ಕಡೆ ಎಳೆಯೂ ಬಳುಕಬೇಕು, ಇಲ್ಲದಿದ್ದರೆ ದೂರದಿಂದ ನೋಡುವವರಿಗೆ ಅದು ಕೋಲಿನಂತೆ ಕಾಣುತ್ತದೆ ಎನ್ನುತ್ತಿದ್ದರು. ಒಂದು ಎಲೆಯ ತುದಿಯಲ್ಲಿ ಮಾತ್ರ ಉಗುರು ಹೋಗುವಷ್ಟು ಬಿರುಕು ಬಿಟ್ಟಿತ್ತು. ನೂರಾರು ಚಳಿಗಾಲಗಳ ಒಣಗಾಳಿಗೆ ಮರ ಕುಗ್ಗಿದ್ದರ ಗುರುತು ಅದು. ಮುಟ್ಟಬಾರದೆಂಬ ನಿಯಮವಿದೆ, ನಾನು ಮುಟ್ಟಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ಬಿರುಕನ್ನು ನೋಡುತ್ತ ನಿಂತೆ. ಈ ಎಲೆಯನ್ನು ಕೊಯ್ದವನ ಹೆಸರು ಯಾವ ಫಲಕದ ಮೇಲೂ ಇರಲಿಲ್ಲ.

ಡೆನ್ಮಾರ್ಕಿನಲ್ಲಿ 1660ರಲ್ಲಿ ದೊರೆಗೆ ಸರ್ವಾಧಿಕಾರ ಬಂದ ಮೇಲೆ, 1671ರಿಂದ 1840ರವರೆಗೆ ದೊರೆಗಳಿಗೆ ಅಭಿಷೇಕ ನಡೆದದ್ದು ಇದೇ ಚರ್ಚಿನಲ್ಲಿ. ಮೇಲಿನ ಪಡಸಾಲೆಯ ಗೋಡೆಯುದ್ದಕ್ಕೂ ಸಾಲು ಸಾಲಾಗಿ ಬಣ್ಣದ ಲಾಂಛನ ಫಲಕಗಳನ್ನು ತೂಗುಹಾಕಿದ್ದಾರೆ. ಅವು ಆ ದೇಶದ ಅತ್ಯುನ್ನತ ಗೌರವಗಳನ್ನು ಪಡೆದವರ ಲಾಂಛನಗಳು. ಆ ಗೌರವಗಳಲ್ಲಿ ಮೊದಲನೆಯದರ ಹೆಸರು 'ಆನೆಯ ಪದವಿ' ಎಂದೇ. ಅದರ ಪದಕ ಬಿಳಿ ಆನೆ. ಆನೆಯ ಬೆನ್ನ ಮೇಲೆ ಗೋಪುರ, ಕುತ್ತಿಗೆಯ ಮೇಲೆ ಕೋಲು ಹಿಡಿದ ಮಾವುತ. ದಸರೆಯ ಅಂಬಾರಿಯನ್ನು ಕಂಡು ಬೆಳೆದವಳಿಗೆ ಉತ್ತರ ಸಮುದ್ರದ ತೀರದಲ್ಲಿ ಆನೆಯೇ ಎಲ್ಲಕ್ಕಿಂತ ದೊಡ್ಡ ಗೌರವದ ಚಿಹ್ನೆ ಎಂಬುದು ತುಂಬ ಸಂತೋಷ ಕೊಟ್ಟಿತು. ಫಲಕಗಳಲ್ಲಿ ಬಹುಪಾಲು ರಾಜರು, ರಾಜಕುಮಾರರು, ಸರದಾರರದು. ಅವುಗಳ ನಡುವೆ ಭೌತವಿಜ್ಞಾನಿ ನೀಲ್ಸ್ ಬೋರ್ ಅವರದನ್ನು ಮಗಳು ಹುಡುಕಿ ತೋರಿಸಿದಳು. 1947ರಲ್ಲಿ ಈ ಪದವಿ ಬಂದಾಗ ಅವರಿಗೆ ಮನೆತನದ ಲಾಂಛನವಿರಲಿಲ್ಲವಾದ್ದರಿಂದ ತಾವೇ ಒಂದನ್ನು ರೂಪಿಸಿಕೊಂಡರು: ಚೀನಾದ ಕಪ್ಪು ಕೆಂಪು ಯಿನ್-ಯಾಂಗ್ ವೃತ್ತ, ಅದರ ಜೊತೆಗೆ, ವಿರುದ್ಧವಾದವು ಒಂದಕ್ಕೊಂದು ಪೂರಕ ಎಂಬ ಅರ್ಥದ ಲ್ಯಾಟಿನ್ ಮಾತು. ಸಿಂಹ, ಹದ್ದು, ಕತ್ತಿಗಳ ಸಾಲಿನಲ್ಲಿ ಒಬ್ಬ ಅಧ್ಯಾಪಕನ ವಿಚಾರವೊಂದು ತೂಗುತ್ತಿತ್ತು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವಾಗ ಪರಮಾಣುವಿನ ಚಿತ್ರವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆ ಫಲಕದ ಎದುರು ಕೈಮುಗಿದೆ.

ಪಡಸಾಲೆಯ ಹಿಂದಿರುವ ದೊರೆಯ ಪ್ರಾರ್ಥನಾ ಕೋಣೆ ಬೆಂಕಿಯಲ್ಲಿ ಹೋಗಿ ಮತ್ತೆ ಕಟ್ಟಿದ್ದು. ಅಲ್ಲಿ ಕಾರ್ಲ್ ಬ್ಲಾಕ್ ಎಂಬ ಚಿತ್ರಕಾರ ಯೇಸುವಿನ ಜೀವನವನ್ನು ಕುರಿತು ಬರೆದ 23 ಚಿತ್ರಗಳಿವೆ. 1865ರಲ್ಲಿ ಆರಂಭಿಸಿ ಮುಗಿಸಲು ಅವನಿಗೆ ಹದಿನಾಲ್ಕು ವರ್ಷ ಬೇಕಾಯಿತು. ಬಣ್ಣ ಹಚ್ಚಿದ್ದು ತಾಮ್ರದ ತಗಡುಗಳ ಮೇಲಾದ್ದರಿಂದ ಮುಖಗಳಿಗೆ ಒಳಗಿನಿಂದ ಬೆಳಕು ಬಂದಂತಿದೆ. ಅಲ್ಲಿ ಜನ ಹೆಚ್ಚಿದ್ದರು. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚರ್ಚಿನ ಮೇಲಿರುವ ದೊಡ್ಡ ಸಭಾಂಗಣವನ್ನು ನೋಡಲು ನಾನು ಅಳುಕಿನಿಂದಲೇ ಹೋದೆ. ಅದು ಪೂರ್ತಿ ಸುಟ್ಟು, ಬೆಂಕಿಗೆ ಮುಂಚೆ ಚಿತ್ರಕಾರರು ಬಿಡಿಸಿಟ್ಟಿದ್ದ ಚಿತ್ರಗಳ ಆಧಾರದಿಂದ ಮತ್ತೆ ರಚಿಸಿದ್ದು ಎಂದು ಆಗಲೇ ಓದಿದ್ದೆ. ಅಮೃತಶಿಲೆಯ ನೆಲ, ಗೋಡೆಗೆ ನೇಯ್ದ ಚಿತ್ರಗಳ ಹೊದಿಕೆ, ಒಂದು ಪಕ್ಕಕ್ಕೆ ವಾದ್ಯಗಾರರ ಮೇಲಟ್ಟ, ತಲೆಯ ಮೇಲೆ ಆಳವಾದ ಚೌಕಗಳಾಗಿ ಕೆತ್ತಿ ಬಣ್ಣ, ಚಿನ್ನ ಬಳಿದ ಮರದ ಚಾವಣಿ. ಇದು ನಕಲು ಎಂದು ಮನಸ್ಸು ಹೇಳುತ್ತಿತ್ತು. ಕಣ್ಣು ಅದನ್ನು ಒಪ್ಪುತ್ತಿರಲಿಲ್ಲ. ಅಂಗಣದ ನಡುವೆ ನಿಂತು ಕತ್ತು ನೋಯುವವರೆಗೆ ಚಾವಣಿಯನ್ನು ನೋಡಿದೆ. ಅಲ್ಲಿನ ಪ್ರತಿಯೊಂದು ಚೌಕವನ್ನೂ ಕೆತ್ತಿದವರು ಹತ್ತೊಂಬತ್ತನೆಯ ಶತಮಾನದ ಬಡಗಿಗಳು. ಅವರ ಮುಂದೆ ಮಾದರಿಯಾಗಿ ಇದ್ದದ್ದು ಚಿತ್ರ ಮಾತ್ರ. ಮುಟ್ಟಿ ನೋಡಲು ಹಳೆಯ ಮರ ಇರಲಿಲ್ಲ. ಚಿತ್ರದಲ್ಲಿ ಹೂವಿನ ಆಳ ಕಾಣುವುದಿಲ್ಲ, ಉಳಿ ಎಷ್ಟು ಒಳಗೆ ಹೋಗಬೇಕೆಂದು ಕೈಗೇ ತಿಳಿಯಬೇಕು. ಕೈಗೆ ತಿಳಿದದ್ದರಿಂದಲೇ ಅದು ಮತ್ತೆ ಎದ್ದಿದೆ. ಕಾರಂಜಿಯ ಬಳಿ ಪ್ರತಿ ಎಂಬ ಮಾತು ಕೇಳಿ ನನಗಾಗಿದ್ದ ಬೇಸರ ಈ ಚಾವಣಿಯ ಕೆಳಗೆ ಉಳಿಯಲಿಲ್ಲ. ಸಂಗ್ರಹಾಲಯದವರು ಯಾವುದು ಹಳೆಯದು, ಯಾವುದು ಮತ್ತೆ ಮಾಡಿದ್ದು ಎಂಬುದನ್ನು ಮುಚ್ಚಿಡದೆ ಹೇಳುತ್ತಾರೆ. ಹಾಗೆ ಹೇಳುವುದರಿಂದ ನೋಡುವವರಿಗೆ ಎರಡರ ಮೇಲೂ ನಂಬಿಕೆ ಬರುತ್ತದೆ.

ಅಲ್ಲಿಂದ ಮುಂದೆ ಕೋಣೆಯ ಮೇಲೆ ಕೋಣೆ. ಒಂದೊಂದು ಕೋಣೆಯೂ ಒಂದೊಂದು ಕಾಲದ ಕುರ್ಚಿ, ಕಪಾಟು, ಚಿತ್ರಪಟಗಳಿಂದ ತುಂಬಿದೆ. ಆಳಿದವರ ಮುಖಗಳನ್ನು ಸಾಲಾಗಿ ನೋಡುತ್ತ ಹೋಗುವಾಗ ಹೆಸರುಗಳು ಕಲಸಿಹೋಗುವುದು ಸಹಜ, ಏಕೆಂದರೆ ತಲೆಮಾರುಗಳವರೆಗೆ ಒಬ್ಬ ಕ್ರಿಶ್ಚಿಯನ್ ಆದ ಮೇಲೆ ಒಬ್ಬ ಫ್ರೆಡರಿಕ್ ಪಟ್ಟಕ್ಕೆ ಬರುವುದು ಅವರ ರೂಢಿಯಾಗಿತ್ತು. ನನಗೆ ಮನಸ್ಸಿನಲ್ಲಿ ಉಳಿದದ್ದು ಮೂರು ದೊಡ್ಡ ಚಿತ್ರಗಳು. ಒಟ್ಟೊ ಬಾಕೆ 1882ರಲ್ಲಿ ಬರೆದದ್ದು ಮೊದಲನೆಯದು: 1286ರಲ್ಲಿ ದೊರೆ ಎರಿಕ್ ಕ್ಲಿಪ್ಪಿಂಗನನ್ನು ಕೊಂದವರು ಮುಂಜಾನೆಯ ಮಬ್ಬಿನಲ್ಲಿ ಕುದುರೆ ಏರಿ ಹೊರಟಿದ್ದಾರೆ. ಕೊಲೆಯನ್ನು ತೋರಿಸದೆ ಕೊಲೆಯ ನಂತರದ ಕ್ಷಣವನ್ನಷ್ಟೇ ತೋರಿಸಿರುವುದರಿಂದ ಅದರ ಭಯ ಇನ್ನೂ ಹೆಚ್ಚುತ್ತದೆ. ಎರಡನೆಯದು ಕಾನ್ಸ್ಟಾಂಟಿನ್ ಹಾನ್ಸೆನ್ 1864ರಲ್ಲಿ ಮುಗಿಸಿದ, ಸಂವಿಧಾನ ರಚಿಸಿದ ಸಭೆಯ ಚಿತ್ರ. 1849ರ ಆ ಸಂವಿಧಾನವೇ ದೊರೆಗಳ ಸರ್ವಾಧಿಕಾರವನ್ನು ಕೊನೆಗಾಣಿಸಿತು. ಸರ್ವಾಧಿಕಾರದ ಅಭಿಷೇಕ ನಡೆದ ಮನೆಯಲ್ಲಿಯೇ ಅದನ್ನು ಮುಗಿಸಿದವರ ಚಿತ್ರವೂ ತೂಗುತ್ತಿದೆ, ಮತ್ತು ಎರಡಕ್ಕೂ ಒಂದೇ ಗೌರವ ಸಿಕ್ಕಿದೆ. ರಾಜರ ಮನೆ ದೇಶದ ಮನೆಯಾಗುವುದು ಎಂದರೆ ಇದೇ ಎಂದು ನನಗನ್ನಿಸಿತು. ಮೂರನೆಯದು ಪಿ. ಎಸ್. ಕ್ರೋಯರ್ ಬರೆದ ಉದ್ಯಮಿಗಳ ಚಿತ್ರ. ವಿದ್ಯುತ್ ಸ್ಥಾವರದ ಯಂತ್ರಗಳ ನಡುವೆ 53 ಜನ ಎಂಜಿನಿಯರುಗಳೂ ಉದ್ಯಮಿಗಳೂ ಕಪ್ಪು ಕೋಟು ಧರಿಸಿ ನಿಂತಿದ್ದಾರೆ, ವಿದ್ಯುದ್ದೀಪದ ಬೆಳಕು ಅವರ ಮೇಲೆ ಬಿದ್ದಿದೆ.

ಒಂದು ಯಂತ್ರದ ಬಗ್ಗೆಯೂ ಹೇಳಲೇಬೇಕು. 1650ರ ದಶಕದಲ್ಲಿ ಗೊಟ್ಟೋರ್ಪ್ ಅರಮನೆಗೆಂದು ಆಡಾಮ್ ಒಲಿಯಾರಿಯಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ಆಂಡ್ರೆಯಾಸ್ ಬೋಷ್ ಮಾಡಿದ ಹಿತ್ತಾಳೆಯ ಖಗೋಳ ಯಂತ್ರ ಈಗ ಇಲ್ಲಿದೆ. ಮನುಷ್ಯನಿಗಿಂತ ಎತ್ತರದ ಆ ಬಳೆಗಳ ಗೋಳದ ನಡುವೆ ಇರುವವನು ಸೂರ್ಯ. ಕೋಪರ್ನಿಕಸ್ ಹೇಳಿದಂತೆ ಗ್ರಹಗಳು ಅವನ ಸುತ್ತ ಗಡಿಯಾರದ ಚಕ್ರಗಳ ಬಲದಿಂದ ತಿರುಗುವ ಹಾಗೆ ಅದನ್ನು ರಚಿಸಿದ್ದಾರೆ. ಅದೇ ವಿಚಾರಕ್ಕಾಗಿ ಗೆಲಿಲಿಯೊ ಶಿಕ್ಷೆಗೊಳಗಾಗಿ ಆಗಿನ್ನೂ ಕಾಲು ಶತಮಾನವೂ ಆಗಿರಲಿಲ್ಲ.

ನಾಲ್ಕನೆಯ ಕ್ರಿಶ್ಚಿಯನ್ನನ ಚಿತ್ರದ ಎದುರು ನಿಂತಾಗ ನಮ್ಮ ಕಡೆಯ ಇನ್ನೊಂದು ಕೋಟೆ ನೆನಪಿಗೆ ಬಂತು. ಕೆಲವು ವರ್ಷಗಳ ಹಿಂದೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಸಮುದ್ರದ ಅಂಚಿಗೇ ಇರುವ ಡಾನ್ಸ್‌ಬೋರ್ಗ್ ಕೋಟೆಯನ್ನು ನೋಡಿದ್ದೆ. 1616ರಲ್ಲಿ ಡೇನರ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವನು ಇದೇ ದೊರೆ. ಅವನ ನೌಕಾಧಿಕಾರಿ ಓವೆ ಗಿಯೆದ್ದೆ ತಂಜಾವೂರಿನ ರಘುನಾಥ ನಾಯಕನೊಂದಿಗೆ ಒಪ್ಪಂದ ಮಾಡಿಕೊಂಡು ತರಂಗಂಬಾಡಿಯನ್ನು ಪಡೆದದ್ದು 1620ರಲ್ಲಿ, ಅಂದರೆ ಈ ಅರಮನೆಯ ಕೆಲಸ ಮುಗಿದ ವರ್ಷ. 1845ರಲ್ಲಿ ಡೇನರು ಅದನ್ನು ಬ್ರಿಟಿಷರಿಗೆ ಮಾರಿ ಹೋದರು. ಅಲ್ಲಿ ಉಪ್ಪುಗಾಳಿಗೆ ಸುಣ್ಣ ಉದುರುತ್ತಿದ್ದ ಗೋಡೆಯನ್ನು ಕಟ್ಟಲು ಅಪ್ಪಣೆ ಕೊಟ್ಟವನು ಇಲ್ಲಿ ಚಿನ್ನದ ಚಾವಣಿಯ ಕೆಳಗೆ ಹುಟ್ಟುಹಬ್ಬ ಆಚರಿಸುತ್ತಿದ್ದ ಎಂಬುದನ್ನು ಮಗಳಿಗೆ ಹೇಳಿದೆ. ಅವಳು ತರಂಗಂಬಾಡಿಯ ಹೆಸರನ್ನೇ ಕೇಳಿರಲಿಲ್ಲ.

ಹೊರಗೆ ಕೆರೆಯ ಆಚೆಗೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿರುವ ತೋಟವೂ ಹೀಗೆಯೇ ಮರುಹುಟ್ಟು ಪಡೆದದ್ದು. 1720ರ ದಶಕದಲ್ಲಿ ಯೊಹಾನ್ ಕೊರ್ನೆಲಿಯಸ್ ಕ್ರೀಗರ್ ರೂಪಿಸಿದ್ದ ತೋಟ ಹಾಳುಬಿದ್ದು, 1996ರಲ್ಲಿ ಅವನ ನಕ್ಷೆಯಂತೆಯೇ ಮತ್ತೆ ಮಾಡಿದ್ದಾರೆ. ಕತ್ತರಿಸಿದ ಪೊದೆಗಳಲ್ಲಿ ದೊರೆಗಳ ಹೆಸರಿನ ಅಕ್ಷರಗಳಿವೆ. ಅವುಗಳಲ್ಲಿ ಒಂದು ರಾಣಿ ಎರಡನೆಯ ಮಾರ್ಗ್ರೆಟೆಯದು. ಕಾಲು ನೋಯುತ್ತಿದ್ದುದರಿಂದ ನಾವು ಮೇಲಿನವರೆಗೆ ಹತ್ತಲಿಲ್ಲ.

ಮೊದಲ ದಿನ ಹೊರಡುವ ಮುಂಚೆ ಚರ್ಚಿನ ಪಡಸಾಲೆಗೆ ಇನ್ನೊಮ್ಮೆ ಬಂದೆ. ಮೂಲೆಯಲ್ಲಿ ಬೀರುವಿನಂತಹ ದೊಡ್ಡ ವಾದ್ಯವೊಂದಿತ್ತು, ಅದರ ಬಾಗಿಲುಗಳ ಕೆತ್ತನೆಯನ್ನು ನೋಡುತ್ತಿದ್ದೆ. ಕಾವಲಿಗಿದ್ದ ಹಿರಿಯರೊಬ್ಬರು ನನ್ನನ್ನು ಗಮನಿಸಿ, ಇದನ್ನು ನೋಡಿದರೆ ಸಾಲದು, ಕೇಳಬೇಕು, ಗುರುವಾರ ಮಧ್ಯಾಹ್ನ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಂದು ಮಂಗಳವಾರ. ಮಗಳಿಗೆ ಗುರುವಾರ ಕೆಲಸಕ್ಕೆ ರಜೆ ಇರಲಿಲ್ಲ. ನಾನು ಒಬ್ಬಳೇ ಹೋಗಿ ಬರುತ್ತೇನೆ ಎಂದಾಗ ಅವಳು ಮೊದಲು ಒಪ್ಪಲಿಲ್ಲ. ರೈಲಿನ ಕೊನೆಯ ನಿಲ್ದಾಣವೇ ಹಿಲ್ಲೆರೋಡ್ ಆದ್ದರಿಂದ ದಾರಿ ತಪ್ಪುವ ಹೆದರಿಕೆಯಿಲ್ಲ ಎಂದು ಒಪ್ಪಿಸಿದೆ.

ಗುರುವಾರ ಅರ್ಧ ಗಂಟೆ ಮುಂಚೆಯೇ ಹೋಗಿ ಕೆಳಗೆ ಆಸನದಲ್ಲಿ ಕೂತೆ. ಆ ವಾದ್ಯದ ಹೆಸರು ಕೊಂಪೇನಿಯಸ್ ಆರ್ಗನ್. 1610ರಲ್ಲಿ ಎಸಾಯಸ್ ಕೊಂಪೇನಿಯಸ್ ಇದನ್ನು ಜರ್ಮನಿಯ ಬ್ರೌನ್ಶ್ವೈಗ್ ಡ್ಯೂಕನಿಗಾಗಿ ಮಾಡಿದ. ಡ್ಯೂಕ್ ತೀರಿಕೊಂಡ ಮೇಲೆ ಅವನ ಹೆಂಡತಿ, ಅಂದರೆ ಕ್ರಿಶ್ಚಿಯನ್ ದೊರೆಯ ಅಕ್ಕ ಎಲಿಸಬೆತ್, ಇದನ್ನು ತಮ್ಮನಿಗೆ ಉಡುಗೊರೆಯಾಗಿ ಕಳುಹಿಸಿಕೊಟ್ಟಳು. ಚರ್ಚುಗಳ ಆರ್ಗನ್ನುಗಳಲ್ಲಿ ಲೋಹದ ಕೊಳವೆಗಳಿರುವುದು ಸಾಮಾನ್ಯ; ಇದರಲ್ಲಿರುವ 1,001 ಕೊಳವೆಗಳೂ ಮರದವು, ಮುಂದೆ ಕಾಣುವವುಗಳಿಗೆ ದಂತದ ಹೊದಿಕೆ. ದಂತವನ್ನು ಕಂಡಾಗ ಮನಸ್ಸು ಒಂದು ಕ್ಷಣ ಮುದುಡಿತು. ನಮ್ಮ ಕಸುಬಿನಲ್ಲಿಯೂ ಒಂದು ಕಾಲಕ್ಕೆ ದಂತವನ್ನು ಬಳಸುತ್ತಿದ್ದರು. ನಿಷೇಧ ಬಂದ ಮೇಲೆ ಆ ಜಾಗಕ್ಕೆ ಬಿಳಿ ಮರವೂ ಪ್ಲಾಸ್ಟಿಕ್ಕೂ ಬಂದವು. ಆ ಬದಲಾವಣೆಯಿಂದ ಕೆಲಸಕ್ಕೆ ಕುಂದು ಬಂತೆಂದು ಕೊರಗುವವರನ್ನು ಕಂಡಿದ್ದೇನೆ. ಆನೆ ಬದುಕಬೇಕು ಎಂಬುದೇ ಅಪ್ಪನ ಮಾತಾಗಿತ್ತು.

ನುಡಿಸುವವರು ಬಂದು ಕೂತರು. ವಾದ್ಯದ ತಿದಿಗಳನ್ನು ಇಂದಿಗೂ ಇನ್ನೊಬ್ಬರು ಕೈಯಿಂದ ಎಳೆದು ಗಾಳಿ ತುಂಬಬೇಕು. ವಿದ್ಯುತ್ತಿನ ಪಂಖವನ್ನು ಸೇರಿಸಿಲ್ಲ. ಭಜನೆಯ ಮನೆಯಲ್ಲಿ ಹಾರ್ಮೋನಿಯಂನ ತಿದಿಯನ್ನು ಒಂದು ಕೈಯಲ್ಲಿ ಒತ್ತುತ್ತ ಇನ್ನೊಂದು ಕೈಯಲ್ಲಿ ನುಡಿಸುವುದನ್ನು ಕೇಳಿ ಬೆಳೆದ ನನಗೆ ಮೊದಲ ಸ್ವರ ಹೊರಡುವ ಮುಂಚಿನ ಆ ಉಸಿರು ತುಂಬುವ ಸದ್ದು ಪರಿಚಿತವಾಗಿತ್ತು. ಆಮೇಲೆ ಬಂದ ನಾದ ಮಾತ್ರ ಪರಿಚಿತವಲ್ಲ. ದೊಡ್ಡ ಚರ್ಚುಗಳ ಆರ್ಗನ್ನು ಗುಡುಗುವುದನ್ನು ಕೇಳಿದ್ದೆ, ಇದು ಗುಡುಗಲಿಲ್ಲ. ಕೊಳಲು, ಶಹನಾಯಿ, ಬೊಂಬಿನೊಳಗೆ ನುಗ್ಗುವ ಗಾಳಿ, ಮೂಗಿನಲ್ಲಿ ಹಾಡುವ ಮುದುಕರ ದನಿ, ಎಲ್ಲವೂ ಮರದೊಳಗಿನಿಂದ ಮೃದುವಾಗಿ ಬರುತ್ತಿದ್ದವು. ಈ ವಾದ್ಯವನ್ನು ಮಾಡಿದ್ದು ದೇವರ ಪೂಜೆಗಿಂತ ಹೆಚ್ಚಾಗಿ ಅರಮನೆಯ ಕುಣಿತ, ಔತಣಗಳಿಗಾಗಿ ಎಂಬುದು ಒಂದು ಚುರುಕಾದ ಕುಣಿತದ ಮಟ್ಟು ಬಂದಾಗ ಸ್ಪಷ್ಟವಾಯಿತು. ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕ ಹುಡುಗಿ ಕಾಲಿನಿಂದ ತಾಳ ಹಾಕುತ್ತಿದ್ದಳು, ಅವಳ ಅಜ್ಜಿ ತಡೆಯಲಿಲ್ಲ. ಅರ್ಧ ಗಂಟೆ ಮುಗಿದ ಮೇಲೆ ನುಡಿಸಿದವರು ಎದ್ದು ಮೊದಲು ತಿದಿ ಎಳೆದವರ ಕಡೆಗೆ ಕೈ ತೋರಿಸಿದರು. ನಾವೆಲ್ಲ ಅವರಿಗೂ ಚಪ್ಪಾಳೆ ತಟ್ಟಿದೆವು.

ಜನ ಕರಗಿದ ಮೇಲೆ ಬಿರುಕು ಬಿಟ್ಟಿದ್ದ ಆ ಎಲೆಯ ಬಳಿ ಹೋಗಿ, ಫ್ಲ್ಯಾಶ್ ಇಲ್ಲದೆ ಹತ್ತಿರದಿಂದ ಒಂದು ಫೋಟೊ ತೆಗೆದು ಅಣ್ಣನಿಗೆ ಕಳುಹಿಸಿದೆ. ಕೆರೆಯ ದಂಡೆಯ ಬೆಂಚಿಗೆ ಬಂದು ಕೂರುವಷ್ಟರಲ್ಲಿ ಅವನ ಕರೆ ಬಂತು. ಮೈಸೂರಿನಲ್ಲಿ ಆಗಲೇ ಸಂಜೆಯಾಗಿತ್ತು. ಎಷ್ಟು ವರ್ಷದ್ದು ಎಂದು ಕೇಳಿದ. ನಾನೂರು ವರ್ಷ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಿರುವಿನಲ್ಲಿ ಮೂರು ತುಂಡು ಮಾಡಿದ್ದಾನೆ ನೋಡಿದೆಯಾ?" ಎಂದ. ನೋಡಿದೆ ಎಂದೆ. "ಬಿರುಕು ಬಿಟ್ಟಿರುವುದು ಎಲೆಯಲ್ಲ, ಎಲೆಯ ಕೆಳಗಿನ ಹಲಗೆ. ಎಲೆ ಇನ್ನೂ ಹಿಡಿದುಕೊಂಡೇ ಇದೆ. ಇನ್ನೊಂದು ಫೋಟೊ ಬೇಕು, ಪಕ್ಕದಿಂದ ಬೆಳಕು ಬೀಳುವ ಹಾಗೆ ತೆಗಿ" ಎಂದ. ಸಂಗ್ರಹಾಲಯ ಮುಚ್ಚಲು ಇನ್ನೂ ಸಮಯವಿತ್ತು. ಗೋಪುರದ ಗಂಟೆಗಳು ಆ ಹೊತ್ತಿನ ಪ್ರಾರ್ಥನೆಯ ಮಟ್ಟನ್ನು ಬಾರಿಸತೊಡಗಿದ್ದವು. ಟಿಕೆಟನ್ನು ಪರ್ಸಿನಿಂದ ಹೊರತೆಗೆದು ಮತ್ತೆ ಸೇತುವೆಯ ಕಡೆಗೆ ನಡೆದೆ.